ಸೆಕೆಯ ಊರಿನಲ್ಲಿ ತಣ್ಣಗಿನ ಹೀಟರ್

ಉಡುಪಿಯಲ್ಲಿ ಕಾರಿನ ಹೀಟರ್ ಕೆಟ್ಟಿದೆಯೆಂದು ಗ್ಯಾರೇಜಿಗೆ ಹೋದವನನ್ನು ಅಲ್ಲಿನವರು ಸ್ವಲ್ಪ ಅನುಕಂಪದಿಂದಲೇ ನೋಡುತ್ತಾರೆ. ಡಿಸೆಂಬರಿನ ಬೆಳಗಿನಲ್ಲಿಯೂ 20 ಡಿಗ್ರಿ ಸೆಲ್ಸಿಯಸ್‌ನ ಕೆಳಗೆ ಇಳಿಯಲು ಹಿಂದೆಮುಂದೆ ನೋಡುವ ಉಷ್ಣತೆ, ವರ್ಷದ ಬಹುಪಾಲು ಬೆವರಿನಲ್ಲೇ ಕಳೆಯುವ ಜನ; ಇಂಥ ಊರಿನಲ್ಲಿ ಹೀಟರ್ ಗುಂಡಿಯ ಕೆಂಪು ಬದಿ ಇರುವುದು ನೀಲಿ ಬದಿಗೆ ಜೋಡಿಯಾಗಿ ಮಾತ್ರ ಎಂಬುದು ಸಾಮಾನ್ಯ ತಿಳಿವಳಿಕೆ. ನಾನೂ ಹಾಗೆಯೇ ತಿಳಿದಿದ್ದೆ, ಆಟಿ ತಿಂಗಳ ಒಂದು ಸಂಜೆ ಆಗುಂಬೆಯಿಂದ ಸೋಮೇಶ್ವರದ ಕಡೆಗೆ ಘಾಟಿ ಇಳಿಯುವ ತನಕ.

ಹದಿನಾಲ್ಕು ಹೇರ್‌ಪಿನ್ ತಿರುವುಗಳ ಆ ಇಳಿಜಾರಿನಲ್ಲಿ ಮಳೆ ಸುರಿಯುತ್ತಿತ್ತು. ಕಾರಿನೊಳಗೆ ನಾವು ನಾಲ್ವರು, ಜತೆಗೆ ಚಂಡಿಯಾದ ಎರಡು ಕೊಡೆಗಳು. ಎರಡನೆಯ ತಿರುವಿನಲ್ಲಿಯೇ ಮುಂದಿನ ಗಾಜು ಒಳಗಿನಿಂದ ಹಾಲಿನ ಕೆನೆಯಂತೆ ಮಸುಕಾಯಿತು. ಗುಂಡಿಯನ್ನು ಪೂರ್ತಿ ಕೆಂಪಿಗೆ ತಿರುಗಿಸಿ, ಬ್ಲೋವರನ್ನು ನಾಲ್ಕಕ್ಕೆ ಏರಿಸಿ, ಗಾಳಿಯನ್ನು ಗಾಜಿನತ್ತ ಹರಿಸಿದೆ. ಬಂದದ್ದು ಹೊರಗಿನ ಮಳೆಯಷ್ಟೇ ತಣ್ಣಗಿನ ಗಾಳಿ. ಮುಂದಿನ ಸೀಟಿನಲ್ಲಿದ್ದವರು ಬೈರಾಸಿನಿಂದ ಗಾಜನ್ನು ಒರೆಸುತ್ತ, ನಾನು ಒರೆಸಿದ ಕಿಂಡಿಯಲ್ಲಿ ಇಣುಕುತ್ತ, ಹೇಗೋ ಕೆಳಗಿಳಿದೆವು. ಮರುದಿನ ಪರಿಚಯದ ಮೆಕ್ಯಾನಿಕ್ ಬಾನೆಟ್ ಎತ್ತಿ ನೋಡಿ, ಹಿಂದಿನ ಒಡೆಯರ ಕಾಲದಲ್ಲಿ ಯಾರೋ ಥರ್ಮೋಸ್ಟಾಟನ್ನು, ಅಂದರೆ ಇಂಜಿನನ್ನು ಸುತ್ತುವ ನೀರಿನ ಬಿಸಿ ನೋಡಿ ರೇಡಿಯೇಟರಿನ ದಾರಿಯನ್ನು ತೆರೆದು ಮುಚ್ಚುವ ಪುಟ್ಟ ಬಾಗಿಲನ್ನು, ಕಿತ್ತು ಹಾಕಿದ್ದಾರೆಂದು ಹೇಳಿದರು. ಹೇಳುವಾಗ ಅವರ ದನಿಯಲ್ಲಿ ಆಕ್ಷೇಪವೇನೂ ಇರಲಿಲ್ಲ. "ನಮ್ಮ ಊರಿನ ಸೆಕೆಗೆ ಅದು ಯಾಕೆ ಸರ್, ಸುಮ್ಮನೆ ಇಂಜಿನ್ ಹೀಟ್ ಆಗ್ತದೆ" ಎಂದರು. ಈ ಲೇಖನ ಹುಟ್ಟಿದ್ದೇ ಆ ಒಂದು ಮಾತಿನಿಂದ. ಹೊಸ ಕಾರಿನ ಚಕ್ರದಡಿ ನಿಂಬೆಹಣ್ಣು ಇಡುವುದಕ್ಕೆ ನನ್ನ ತಕರಾರಿಲ್ಲ. ಅದರಿಂದ ನಿಂಬೆಹಣ್ಣಿಗಲ್ಲದೆ ಬೇರೆ ಯಾರಿಗೂ ಹಾನಿಯಿಲ್ಲ. ಥರ್ಮೋಸ್ಟಾಟ್ ಕೀಳುವ ನಂಬಿಕೆ ಹಾಗಲ್ಲ, ಅದು ಇಂಜಿನನ್ನೇ ಸವೆಸುತ್ತದೆ.

ಗಾಜಿನ ಲೆಕ್ಕವನ್ನು ಮೊದಲು ಮುಗಿಸೋಣ. 20 ಡಿಗ್ರಿಯಲ್ಲಿ ಒಂದು ಘನ ಮೀಟರ್ ಗಾಳಿ ಹೆಚ್ಚೆಂದರೆ 17 ಗ್ರಾಂ ನೀರಾವಿಯನ್ನು ಹಿಡಿದಿಟ್ಟುಕೊಳ್ಳಬಲ್ಲದು. ಸಾಧಾರಣ ಕಾರಿನೊಳಗೆ ಸುಮಾರು ಮೂರು ಘನ ಮೀಟರ್ ಗಾಳಿ ಇದೆಯೆಂದರೆ ಒಟ್ಟು ಧಾರಣಶಕ್ತಿ ಐವತ್ತು ಗ್ರಾಂ ಚಿಲ್ಲರೆ. ಮಳೆಗಾಲದ ಘಾಟಿಯಲ್ಲಿ ಹೊರಗಿನ ಗಾಳಿಯ ಆರ್ದ್ರತೆ ಶೇಕಡಾ 95ರ ಸುತ್ತ ಇರುವುದರಿಂದ ಉಳಿದಿರುವ ಜಾಗ ಎರಡೂವರೆ ಗ್ರಾಂ ಮಾತ್ರ. ಸುಮ್ಮನೆ ಕುಳಿತ ಒಬ್ಬ ಮನುಷ್ಯ ಉಸಿರು ಮತ್ತು ಚರ್ಮದ ಮೂಲಕ ಗಂಟೆಗೆ ಸುಮಾರು ಐವತ್ತು ಗ್ರಾಂ ನೀರನ್ನು ಗಾಳಿಗೆ ಬಿಡುತ್ತಾನೆ. ನಾಲ್ವರು ಸೇರಿದರೆ ನಿಮಿಷಕ್ಕೆ ಮೂರು ಗ್ರಾಂ ದಾಟುತ್ತದೆ. ಅಂದರೆ ಕಿಟಕಿ ಮುಚ್ಚಿ, ಒಳಗಿನ ಗಾಳಿಯನ್ನೇ ಸುತ್ತಿಸುತ್ತ ಹೊರಟರೆ ಒಂದು ನಿಮಿಷದೊಳಗೆ ಆ ಗಾಳಿ ಭರ್ತಿಯಾಗುತ್ತದೆ, ಮಳೆಗೆ ಮೈಯೊಡ್ಡಿ ತಣ್ಣಗಾದ ಗಾಜಿನ ಮೇಲೆ ಮಿಕ್ಕ ನೀರು ಇಬ್ಬನಿಯಾಗಿ ಕೂರುತ್ತದೆ. ಈಗ ಅದೇ 20 ಡಿಗ್ರಿಯ ತುಂಬಿದ ಗಾಳಿಯನ್ನು 40 ಡಿಗ್ರಿಗೆ ಕಾಯಿಸಿ ನೋಡಿ. 40 ಡಿಗ್ರಿಯಲ್ಲಿ ಧಾರಣಶಕ್ತಿ ಘನ ಮೀಟರಿಗೆ 51 ಗ್ರಾಂಗೆ ಏರುವುದರಿಂದ, ಒಂದು ಹನಿ ನೀರನ್ನೂ ತೆಗೆಯದೆ ಅದರ ಆರ್ದ್ರತೆ ಮೂರನೆಯ ಒಂದು ಪಾಲಿಗೆ ಇಳಿಯುತ್ತದೆ. ಬಾಯಾರಿದ ಆ ಗಾಳಿ ಗಾಜಿನ ಮೇಲಿನ ನೀರನ್ನು ಹೀರುತ್ತದೆ, ಗಾಜನ್ನು ಬೆಚ್ಚಗೂ ಮಾಡುತ್ತದೆ.

ಹೀಟರಿನ ಜತೆಗೆ ಏ.ಸಿ.ಯನ್ನೂ ಹಾಕಬೇಕೆಂದರೆ ಹಲವರು ನಗುತ್ತಾರೆ, ಬಿಸಿನೀರಿಗೆ ಮಂಜುಗಡ್ಡೆ ಹಾಕಿದಂತಾಯಿತಲ್ಲ ಎಂದು. ಆದರೆ ಡ್ಯಾಶ್‌ಬೋರ್ಡಿನೊಳಗಿನ ಸುರಂಗದಲ್ಲಿ ಏ.ಸಿ.ಯ ತಣ್ಣಗಿನ ಸುರುಳಿ ಮೊದಲು, ಹೀಟರಿನ ಬಿಸಿ ಸುರುಳಿ ಅನಂತರ ಇರುವುದು ಸುಮ್ಮನೆ ಅಲ್ಲ. ತಣ್ಣಗಿನ ಸುರುಳಿ ಗಾಳಿಯನ್ನು ಐದಾರು ಡಿಗ್ರಿಗೆ ಇಳಿಸಿ ಅದರಲ್ಲಿರುವ ನೀರಿನ ಹೆಚ್ಚಿನ ಪಾಲನ್ನು ಹಿಂಡಿ ಹೊರಗೆ ಸುರಿಸುತ್ತದೆ; ಬಿಸಿ ಸುರುಳಿ ಆ ಒಣ ಗಾಳಿಯನ್ನು ಮತ್ತೆ ಕಾಯಿಸಿ ಇನ್ನಷ್ಟು ಒಣಗಿಸುತ್ತದೆ. ಒದ್ದೆ ಬಟ್ಟೆಯನ್ನು ಮೊದಲು ಹಿಂಡಿ ಅನಂತರ ಬಿಸಿಲಿಗೆ ಹರಡುವವರಿಗೆ ಇದನ್ನು ಬೇರೆ ವಿವರಿಸಬೇಕಾಗಿಲ್ಲ. ಮಳೆಗಾಲದ ಕರಾವಳಿಗೆ ಹೀಟರ್ ಬೇಕಾಗಿರುವುದು ಮೈ ಬೆಚ್ಚಗಾಗಲಿಕ್ಕಲ್ಲ, ಗಾಳಿಯನ್ನು ಒಣಗಿಸುವುದಕ್ಕೆ.

ಇನ್ನು ಹೀಟರಿನ ವಿಷಯ. ಅದು ಗೀಸರಿನಂತೆ ಕರೆಂಟಿನಿಂದ ಕಾಯುತ್ತದೆ, ಆದ್ದರಿಂದ ಪೆಟ್ರೋಲ್ ತಿನ್ನುತ್ತದೆ ಎಂಬ ಮಾತು ಎಷ್ಟು ಸಲ ಕಿವಿಗೆ ಬಿದ್ದಿದೆಯೋ ಲೆಕ್ಕವಿಲ್ಲ. ಪೆಟ್ರೋಲ್ ಇಂಜಿನ್ ತಾನು ಉರಿಸಿದ ಇಂಧನದ ಶಕ್ತಿಯಲ್ಲಿ ನಾಲ್ಕನೆಯ ಒಂದು ಪಾಲಿನಿಂದ ಮೂರನೆಯ ಒಂದು ಪಾಲಿನವರೆಗೆ ಮಾತ್ರ ಚಕ್ರಕ್ಕೆ ಕೊಡುತ್ತದೆ. ಉಳಿದದ್ದು ಹೆಚ್ಚುಕಡಿಮೆ ಸಮನಾಗಿ ಹೊಗೆಕೊಳವೆಯಲ್ಲಿಯೂ ಇಂಜಿನನ್ನು ಸುತ್ತುವ ನೀರಿನಲ್ಲಿಯೂ ಶಾಖವಾಗಿ ಹೋಗುತ್ತದೆ. ಗಂಟೆಗೆ ಐದು ಲೀಟರ್ ಪೆಟ್ರೋಲ್ ಉರಿಯುತ್ತಿದ್ದರೆ ನೀರಿಗೆ ಸೇರುವ ಶಾಖ ಸುಮಾರು ಹದಿನೈದು ಕಿಲೋವ್ಯಾಟ್. ಬಚ್ಚಲಿನ ಐದಾರು ಗೀಸರುಗಳ ಒಟ್ಟು ಬಲ. ಅದನ್ನು ರೇಡಿಯೇಟರ್ ರಸ್ತೆಯ ಗಾಳಿಗೆ ಚೆಲ್ಲುತ್ತದೆ. ಹೀಟರ್ ಮಾಡುವುದು ಇಷ್ಟೇ: ಚೆಲ್ಲಿಹೋಗಲಿರುವ ಆ ಬಿಸಿನೀರಿನಲ್ಲಿ ಒಂದು ಸಣ್ಣ ಕವಲನ್ನು ಡ್ಯಾಶ್‌ಬೋರ್ಡಿನ ಹಿಂದಿರುವ, ಸಣ್ಣ ಪುಸ್ತಕದ ಗಾತ್ರದ ಇನ್ನೊಂದು ರೇಡಿಯೇಟರಿಗೆ ತಂದು, ಅದರ ಮೂಲಕ ಗಾಳಿ ಊದುವುದು. ಈ ಪುಟ್ಟ ರೇಡಿಯೇಟರನ್ನು ಹೀಟರ್ ಕೋರ್ ಎನ್ನುತ್ತಾರೆ. ತೆಂಗಿನ ಸಿಪ್ಪೆ ಉರಿಸಿ ಹಂಡೆಯ ನೀರು ಕಾಯಿಸುವ ಮನೆಗಳಲ್ಲಿ ಅದೇ ಒಲೆಯ ಮೇಲಿನ ಅಟ್ಟದಲ್ಲಿ ಕೊಬ್ಬರಿ ಒಣಗಿಸುತ್ತಿದ್ದರು. ಕೊಬ್ಬರಿಗಾಗಿ ಯಾರೂ ಬೇರೆ ಸಿಪ್ಪೆ ಹಾಕುತ್ತಿರಲಿಲ್ಲ. ಹೀಟರಿಗೆ ತಗಲುವ ನಿಜವಾದ ಖರ್ಚೆಂದರೆ ಬ್ಲೋವರಿನ ವಿದ್ಯುತ್ತು. ಬಿಸಿ ಇಂಜಿನ್ನೇ ಇಲ್ಲದ ಎಲೆಕ್ಟ್ರಿಕ್ ಕಾರಿನ ಕತೆ ಮಾತ್ರ ಬೇರೆ. ಅಲ್ಲಿ ಹೀಟರ್ ಬ್ಯಾಟರಿಯನ್ನೇ ತಿನ್ನಬೇಕು.

ಈ ಕಲ್ಪನೆಯ ಹುಟ್ಟಿನ ಬಗ್ಗೆ ಹರಡಿರುವ ಒಂದು ಕತೆಯನ್ನು ಇಲ್ಲಿ ತಿದ್ದದೆ ಮುಂದೆ ಹೋಗಲು ನನಗೆ ಮನಸ್ಸಿಲ್ಲ. ಷಿಕಾಗೋದ ಮಾರ್ಗರೆಟ್ ವಿಲ್ಕಾಕ್ಸ್ ಎಂಬ ಮಹಿಳೆ 1893ರಲ್ಲಿ ಮೋಟಾರು ಕಾರಿನ ಹೀಟರನ್ನು ಕಂಡುಹಿಡಿದರೆಂದು ಎಲ್ಲೆಡೆ ಬರೆಯುತ್ತಾರೆ. 'ಕಾರ್ ಹೀಟರ್' ಎಂಬ ಹೆಸರಿನ ಪೇಟೆಂಟ್ ಆ ವರ್ಷ ಅವರಿಗೆ ಸಿಕ್ಕಿದ್ದು ನಿಜ. ಆದರೆ ಡ್ಯೂರಿಯೆ ಸಹೋದರರು ಮ್ಯಾಸಚೂಸೆಟ್ಸಿನ ಸ್ಪ್ರಿಂಗ್‌ಫೀಲ್ಡಿನಲ್ಲಿ ತಮ್ಮ ಮೊದಲ ಪೆಟ್ರೋಲ್ ಗಾಡಿಯನ್ನು ರಸ್ತೆಗಿಳಿಸಿದ್ದೂ ಅದೇ ವರ್ಷ. ಅಂದಿನ ಅಮೆರಿಕದಲ್ಲಿ ಕಾರ್ ಎಂದರೆ ರೈಲಿನ ಬೋಗಿ, ವಿಲ್ಕಾಕ್ಸ್ ಬೆಚ್ಚಗಿಡಲು ಹೊರಟದ್ದೂ ರೈಲು ಪ್ರಯಾಣಿಕರನ್ನೇ. ಒಂದು ಪದದ ಅರ್ಥ ಬದಲಾದುದರಿಂದ ಆಕೆಗೆ ಸಲ್ಲದ ಕೀರ್ತಿ ಸಂದಿತು, ಸಲ್ಲಬೇಕಾದದ್ದು ಮರೆತುಹೋಯಿತು. ಮೋಟಾರು ಕಾರುಗಳ ಮೊದಲ ದಿನಗಳಲ್ಲಿ ಜನ ಕಾಯಿಸಿದ ಕಲ್ಲು, ಇಟ್ಟಿಗೆಗಳನ್ನು ಕಾಲಡಿ ಇಟ್ಟುಕೊಳ್ಳುತ್ತಿದ್ದರು. ಮುಂದೆ ಹೊಗೆಕೊಳವೆಯ ಸುತ್ತಲಿನ ಬಿಸಿ ಗಾಳಿಯನ್ನು ಒಳಗೆ ತಂದರು; ಕೊಳವೆಯಲ್ಲಿ ಒಂದು ಬಿರುಕು ಬಿಟ್ಟರೆ ಶಾಖದ ಜತೆಗೆ ಕಾರ್ಬನ್ ಮಾನಾಕ್ಸೈಡ್ ಕೂಡ ಒಳಗೆ ಬರುತ್ತಿತ್ತು. ಇಂಜಿನಿನ ಬಿಸಿನೀರಿನಿಂದ ಕಾಯಿಸುವ ವಿಧಾನ ಬೇರೂರಿದ ಮೇಲೆ, 1938ರಲ್ಲಿ ಅಮೆರಿಕದ ನ್ಯಾಶ್ ಕಂಪೆನಿ ಹೊರಗಿನ ಗಾಳಿಯನ್ನು ಸೋಸಿ, ಕಾಯಿಸಿ, ಒಳಗೆ ತಳ್ಳುವ ಏರ್ಪಾಟನ್ನು ಮಾರುಕಟ್ಟೆಗೆ ತಂದಿತು. ಇಂದಿನ ನಮ್ಮ ಕಾರುಗಳಲ್ಲಿರುವುದು ಬಹುಮಟ್ಟಿಗೆ ಅದೇ.

ಹೀಟರಿಗೆ ಬಿಸಿ ಬೇಕಾದರೆ ನೀರು ಬಿಸಿಯಿರಬೇಕು, ಆ ನೀರು ಹರಿಯಬೇಕು, ಗಾಳಿ ಅದರ ಮೂಲಕವೇ ಹಾಯಬೇಕು. ಕೆಟ್ಟ ಹೀಟರಿನ ಸಮಸ್ಯೆಗಳೆಲ್ಲ ಈ ಮೂರರಲ್ಲಿ ಒಂದು. ನನ್ನ ಕಾರಿನದು ಮೊದಲನೆಯದು, ಮತ್ತು ನನಗೆ ಅತ್ಯಂತ ಪ್ರಿಯವಾದ ಯಂತ್ರವೂ ಅಲ್ಲಿಯೇ ಇದೆ.

ಥರ್ಮೋಸ್ಟಾಟ್ ಒಂದು ಹಿತ್ತಾಳೆಯ ಕಿರುಬಟ್ಟಲು. ಅದರೊಳಗೆ ತಾಮ್ರದ ಪುಡಿ ಬೆರೆಸಿದ ಮೇಣ, ಮೇಣದ ನಡುವೆ ರಬ್ಬರಿನ ಉರೆಯೊಳಗೆ ಒಂದು ಕಡ್ಡಿ. ಡಿಸೆಂಬರಿನ ಬೆಳಗ್ಗೆ ನಿಮ್ಮ ಮನೆಯ ತೆಂಗಿನೆಣ್ಣೆಯ ಬಾಟ್ಲಿಯನ್ನು ನೋಡಿ. ಸುಮಾರು 24 ಡಿಗ್ರಿಯ ಕೆಳಗೆ ಅದು ಗಟ್ಟಿಯಾಗುತ್ತದೆ, ಗಟ್ಟಿಯಾಗುವಾಗ ಕುಗ್ಗುತ್ತದೆ, ನಡುವೆ ಒಂದು ಗುಳಿ ಬೀಳುತ್ತದೆ. ಬಿಸಿಲೇರಿದಾಗ ಕರಗಿ ಹಿಗ್ಗಿ ಮೊದಲಿನ ಮಟ್ಟಕ್ಕೆ ಬರುತ್ತದೆ. ಬಾಟ್ಲಿಯ ಬಾಯಿಗೆ ಬಿರಟೆ ಜಡಿದಿದ್ದರೆ ಹಿಗ್ಗುವ ಎಣ್ಣೆ ಅದನ್ನು ಮೇಲಕ್ಕೆ ನೂಕಬೇಕಷ್ಟೆ. ಥರ್ಮೋಸ್ಟಾಟಿನ ಮೇಣವನ್ನು 24ರ ಬದಲಿಗೆ 82 ಅಥವಾ 88 ಡಿಗ್ರಿಯಲ್ಲಿ ಕರಗುವಂತೆ ಆರಿಸಿರುತ್ತಾರೆ. ಕರಗುವಾಗ ಅದರ ಗಾತ್ರ ಶೇಕಡಾ 10ರಿಂದ 15ರಷ್ಟು ಹೆಚ್ಚುತ್ತದೆ, ಆ ಹಿಗ್ಗು ಕಡ್ಡಿಯನ್ನು ಹಿಂಡಿ ನೂಕುತ್ತದೆ, ಕಡ್ಡಿ ಸ್ಪ್ರಿಂಗಿನ ವಿರುದ್ಧ ಬಾಗಿಲನ್ನು ಎಂಟು ಹತ್ತು ಮಿಲಿಮೀಟರ್ ತೆರೆಯುತ್ತದೆ. ವಿದ್ಯುತ್ತಿಲ್ಲ, ವೈರಿಲ್ಲ, ಕಂಪ್ಯೂಟರಿಲ್ಲ. 1930ರ ದಶಕದಲ್ಲಿ ಸರ್ಜಿಯಸ್ ವರ್ನೆ ರೂಪಿಸಿದ ಈ ಮೇಣದ ಬಟ್ಟಲಿಗಿಂತ ಮೊದಲು ಮದ್ಯಸಾರದಂಥ ದ್ರವ ತುಂಬಿದ, ಹಾರ್ಮೋನಿಯಂ ತಿದಿಯಂತೆ ಮಡಿಕೆಗಳಿದ್ದ ಲೋಹದ ಕೊಳವೆಗಳಿದ್ದವು. ನೀರಿನ ಒತ್ತಡ ಏರಿದರೆ ಅವು ಉಷ್ಣತೆಯ ಲೆಕ್ಕವನ್ನೇ ತಪ್ಪುತ್ತಿದ್ದವು. ದ್ರವವಾದ ಮೇಣವನ್ನು ಒತ್ತಿ ಕುಗ್ಗಿಸುವುದು ಬಹುಮಟ್ಟಿಗೆ ಅಸಾಧ್ಯವಾದ್ದರಿಂದ ಒತ್ತಡದ ಮಾತಿಗೆ ಅದು ಕಿವಿಗೊಡುವುದಿಲ್ಲ.

ಮುಚ್ಚಿದ ಬಾಗಿಲಿನ ಹಿಂದೆ ಏನು ನಡೆಯುತ್ತದೆಂಬುದು ಇನ್ನೂ ಸೊಗಸು. ನಮ್ಮ ತೋಡುಗಳಿಗೆ ಹಾಕುವ ಕಿಂಡಿ ಅಣೆಕಟ್ಟನ್ನು ನೆನೆದುಕೊಳ್ಳಿ. ಹಲಗೆ ಇಳಿಸಿದಾಗ ನೀರು ಕೆಳಗೆ ಹೋಗದೆ ಮೇಲ್ಬದಿಯಲ್ಲಿ ನಿಲ್ಲುತ್ತದೆ, ಅಲ್ಲಿಂದ ಕವಲೊಡೆದ ಕಾಲುವೆ ಗದ್ದೆಗೆ ಹರಿಯುತ್ತಲೇ ಇರುತ್ತದೆ. ಹೀಟರಿನ ಕೊಳವೆ ಕವಲೊಡೆಯುವುದು ಹೀಗೆ, ಥರ್ಮೋಸ್ಟಾಟ್ ಎಂಬ ಹಲಗೆಯ ಮೇಲ್ಬದಿಯಲ್ಲಿ. ಬೆಳಗ್ಗೆ ಇಂಜಿನ್ ಹೊರಟಾಗ ಬಾಗಿಲು ಮುಚ್ಚಿರುವುದರಿಂದ ನೀರು ರೇಡಿಯೇಟರಿಗೆ ಹೋಗದೆ ಇಂಜಿನಿನೊಳಗೆ ಮತ್ತು ಹೀಟರಿನೊಳಗೆ ಮಾತ್ರ ಸುತ್ತಿ ಬೇಗ ಕಾಯುತ್ತದೆ. ನಿಗದಿಯ ಉಷ್ಣತೆ ಮುಟ್ಟಿದಾಗ ಬಾಗಿಲು ಸ್ವಲ್ಪ ತೆರೆದು ಮಿಕ್ಕ ಶಾಖವನ್ನು ರೇಡಿಯೇಟರಿಗೆ ಬಿಡುತ್ತದೆ. ನೀರು ತಣಿದರೆ ಮತ್ತೆ ಕಿರಿದಾಗುತ್ತದೆ. ಅನ್ನದ ಗಂಜಿ ಉಕ್ಕುವಾಗ ಮುಚ್ಚಳವನ್ನು ಓರೆ ಮಾಡಿ, ಇಳಿದಾಗ ಮುಚ್ಚುವ ಕೈಯಂತೆ ಅದು ದಿನವಿಡೀ ದುಡಿಯುತ್ತದೆ. ಹಲಗೆಯನ್ನೇ ಕಿತ್ತರೆ? ಬೇಸಿಗೆಯ ಗದ್ದೆಗೆ ಆಗುವುದೇ ಹೀಟರಿಗೂ ಆಗುತ್ತದೆ.

ಘಾಟಿ ಇಳಿಯುವಾಗ ಆದದ್ದು ಇದು. ಇಳಿಜಾರಿನಲ್ಲಿ ಆಕ್ಸಿಲರೇಟರಿನಿಂದ ಕಾಲು ತೆಗೆದು, ಕೆಳಗಿನ ಗೇರಿನಲ್ಲಿ ಇಂಜಿನಿನ ಹಿಡಿತದಿಂದ ವೇಗ ತಡೆಯುತ್ತ ಬಂದರೆ ಇಂದಿನ ಇಂಜಿನುಗಳು ಪೆಟ್ರೋಲನ್ನು ಪೂರ್ತಿ ನಿಲ್ಲಿಸುತ್ತವೆ. ಬೆಂಕಿಯಿಲ್ಲ, ಆದ್ದರಿಂದ ಹೊಸ ಶಾಖವಿಲ್ಲ. ಥರ್ಮೋಸ್ಟಾಟ್ ಇದ್ದಿದ್ದರೆ ಅದು ಬಾಗಿಲು ಮುಚ್ಚಿ, ಇಂಜಿನಿನೊಳಗಿನ ಬಿಸಿಯನ್ನು ಕಾಪಾಡಿ, ಹೀಟರಿಗೆ ಕೊಡುತ್ತಿತ್ತು. ಅದು ಇಲ್ಲದುದರಿಂದ ನೀರೆಲ್ಲ ರೇಡಿಯೇಟರಿಗೆ ನುಗ್ಗಿತು, ಆಗುಂಬೆಯ ಮಳೆ ಅದನ್ನು ತಣಿಸಿತು, ಹತ್ತು ನಿಮಿಷದಲ್ಲಿ ಉಷ್ಣತೆಯ ಮುಳ್ಳು ತಳಕ್ಕೆ ಬಂದಿತು. ಮುಳ್ಳು ಕೆಳಗಿದೆ, ಇಂಜಿನ್ ತಂಪಾಗಿದೆ, ಒಳ್ಳೆಯದೇ ಆಯಿತು ಎಂದು ನಾನು ಅಷ್ಟು ಕಾಲ ತಿಳಿದಿದ್ದೆನೆಂಬುದನ್ನು ಇಲ್ಲಿ ನಾಚಿಕೆಯಿಂದಲೇ ದಾಖಲಿಸುತ್ತೇನೆ.

ತಂಪಾದ ಇಂಜಿನ್ ಆರೋಗ್ಯವಂತ ಇಂಜಿನ್ ಅಲ್ಲ. ಅದರ ಕಂಪ್ಯೂಟರ್ ಇಂಜಿನ್ ಇನ್ನೂ ಬೆಚ್ಚಗಾಗಿಲ್ಲವೆಂದು ಬಗೆದು ಹೆಚ್ಚು ಪೆಟ್ರೋಲ್ ಬಿಡುತ್ತದೆ. ಉರಿದ ಇಂಧನದ ನೀರಾವಿ ಬಿಸಿಗೆ ಹಾರಿಹೋಗದೆ ಆಯಿಲಿನಲ್ಲಿ ಸೇರುತ್ತದೆ. ಸಿಲಿಂಡರಿನ ಗೋಡೆಗಳು ಬೇಗ ಸವೆಯುತ್ತವೆ. ಕಾರಿಗೆ ಸ್ಕ್ಯಾನರ್ ಜೋಡಿಸಿದರೆ ಪಿ-0128 ಎಂಬ ಸಂಕೇತ ಕಾಣಿಸುವುದುಂಟು; ಕೂಲಂಟಿನ, ಅಂದರೆ ಇಂಜಿನನ್ನು ಸುತ್ತುವ ದ್ರವದ, ಉಷ್ಣತೆ ಥರ್ಮೋಸ್ಟಾಟಿನ ಮಟ್ಟಕ್ಕೆ ಏರಿಲ್ಲ ಎಂಬುದೇ ಅದರ ಅರ್ಥ. ಇನ್ನೂ ವಿಚಿತ್ರವೆಂದರೆ, ಕೆಲವು ಇಂಜಿನುಗಳಲ್ಲಿ ಥರ್ಮೋಸ್ಟಾಟ್ ಕಿತ್ತರೆ ಸೆಕೆಗಾಲದಲ್ಲಿ ಇಂಜಿನ್ ಹೆಚ್ಚು ಕಾಯುತ್ತದೆ. ಅಂಥ ಥರ್ಮೋಸ್ಟಾಟಿಗೆ ಎರಡು ತಟ್ಟೆಗಳಿರುತ್ತವೆ: ಒಂದು ರೇಡಿಯೇಟರಿನ ದಾರಿಯನ್ನು ತೆರೆಯುವಾಗ ಇನ್ನೊಂದು ಒಳಗಿನ ಅಡ್ಡದಾರಿಯನ್ನು ಮುಚ್ಚುತ್ತದೆ. ಎರಡೂ ಹೋದರೆ ನೀರು ಹತ್ತಿರದ ಅಡ್ಡದಾರಿಯಲ್ಲೇ ಸುತ್ತುತ್ತದೆ, ರೇಡಿಯೇಟರಿನ ಕಡೆಗೆ ಅರೆಮನಸ್ಸಿನಿಂದ ಹೋಗುತ್ತದೆ. ಇದನ್ನು ವಿವರಿಸಲು, ನೀರು ವೇಗವಾಗಿ ಓಡುವುದರಿಂದ ಅದಕ್ಕೆ ತಣಿಯಲು ಪುರಸೊತ್ತಿಲ್ಲ ಎಂದು ಹೇಳುವವರಿದ್ದಾರೆ. ಅದು ಕೇಳಲು ಚೆನ್ನಾಗಿದೆ, ಆದರೆ ತಪ್ಪು. ಒಂದು ಸುತ್ತಿನಲ್ಲಿ ಕಡಿಮೆ ತಣಿದರೂ ಅದೇ ನೀರು ನಿಮಿಷದಲ್ಲಿ ಹೆಚ್ಚು ಸಲ ಬರುತ್ತದೆ. ವೇಗ ಹೆಚ್ಚಿದಂತೆ ಒಟ್ಟು ಶಾಖ ಸಾಗಣೆ ಹೆಚ್ಚುತ್ತದೆಯೇ ಹೊರತು ಕುಗ್ಗುವುದಿಲ್ಲ.

ತೆಗೆದ ಥರ್ಮೋಸ್ಟಾಟಿನ ಹಾಗೆಯೇ ತೆರೆದಲ್ಲೇ ಸಿಕ್ಕಿಕೊಂಡ ಥರ್ಮೋಸ್ಟಾಟ್ ಕೂಡ ಹೀಟರನ್ನು ತಣ್ಣಗಾಗಿಸುತ್ತದೆ. ಸಂಶಯವಿದ್ದರೆ ಅದನ್ನು ಬಿಚ್ಚಿ, ದಾರ ಕಟ್ಟಿ, ನೀರಿನ ಪಾತ್ರೆಯಲ್ಲಿ ತಳಕ್ಕೆ ತಾಗದಂತೆ ತೂಗಬಿಟ್ಟು, ತಾಪಮಾಪಕದೊಂದಿಗೆ ಕಾಯಿಸಿ ನೋಡಬಹುದು. ತಣ್ಣೀರಿನಲ್ಲಿ ಮುಚ್ಚಿದ್ದು, ಲೋಹದ ಮೇಲೆ ಅಚ್ಚಾಗಿರುವ ಅಂಕಿಯ ಆಸುಪಾಸಿನಲ್ಲಿ ತೆರೆಯತೊಡಗಿದರೆ ಅದು ಸರಿಯಿದೆ. ಈ ಪ್ರಯೋಗಕ್ಕೆ ಅಡುಗೆಯ ಪಾತ್ರೆ ಖಂಡಿತ ಬೇಡ. ಕೂಲಂಟಿನಲ್ಲಿರುವ ಎಥಿಲೀನ್ ಗ್ಲೈಕಾಲ್ ವಿಷ, ಸಾಲದ್ದಕ್ಕೆ ಸಿಹಿಯಾದ ವಿಷ, ನಾಯಿ ಬೆಕ್ಕುಗಳು ನೆಕ್ಕಿ ಸಾಯುವುದುಂಟು.

ಥರ್ಮೋಸ್ಟಾಟ್ ಸರಿಯಿದ್ದೂ ಹೀಟರ್ ತಣ್ಣಗಿದ್ದರೆ ಮೊದಲು ನೋಡಬೇಕಾದದ್ದು ಕೂಲಂಟಿನ ಮಟ್ಟ, ಅದೂ ಇಂಜಿನ್ ಪೂರ್ತಿ ತಣಿದ ಮೇಲೆ. ರೇಡಿಯೇಟರಿನ ಮುಚ್ಚಳದ ಮೇಲೆ 0.9 ಅಥವಾ 1.1 ಎಂದು ಬರೆದಿರುವುದನ್ನು ಕಂಡಿರಬಹುದು. ಒಳಗಿನ ಒತ್ತಡ ಹೊರಗಿನದಕ್ಕಿಂತ ಅಷ್ಟು ಬಾರ್‌ವರೆಗೆ (ಬಾರ್ ಎಂಬುದು ಒತ್ತಡದ ಅಳತೆ) ಏರಬಹುದೆಂದು ಅದರ ಅರ್ಥ. ಒಂದು ಬಾರ್ ಹೆಚ್ಚುವರಿ ಒತ್ತಡದಲ್ಲಿ ಬರಿಯ ನೀರೇ 120 ಡಿಗ್ರಿಯ ತನಕ ಕುದಿಯದೆ ನಿಲ್ಲುತ್ತದೆ, ಪ್ರೆಷರ್ ಕುಕ್ಕರಿನಲ್ಲಿ ನಿಲ್ಲುವಂತೆ. ಬಿಸಿಯಿರುವಾಗ ಮುಚ್ಚಳ ತೆಗೆದರೆ ಒತ್ತಡ ಒಮ್ಮೆಲೇ ಹೋಗಿ ಅಷ್ಟೂ ನೀರು ಅದೇ ಕ್ಷಣ ಕುದಿದು ಮುಖಕ್ಕೆ ಚಿಮ್ಮುತ್ತದೆ.

ಮಟ್ಟ ಇಳಿದರೆ ಎಲ್ಲಕ್ಕಿಂತ ಮೊದಲು ಬಡವಾಗುವುದು ಹೀಟರ್. ಹಲವು ಕಾರುಗಳಲ್ಲಿ ಹೀಟರ್ ಕೋರ್ ಇರುವುದು ಕೂಲಂಟಿನ ಸುತ್ತಿನ ಅತಿ ಎತ್ತರದ ಜಾಗಗಳಲ್ಲೊಂದರಲ್ಲಿ. ನೀರು ಕಡಿಮೆಯಾದರೆ ಗಾಳಿ ಮೇಲೇರಿ ಅಲ್ಲಿ ಮನೆ ಮಾಡುತ್ತದೆ. ಮೆಕ್ಯಾನಿಕರು ಇದನ್ನು ಏರ್ ಲಾಕ್ ಎನ್ನುತ್ತಾರೆ. ಒಂದು ಲೀಟರ್ ನೀರು ಒಂದು ಡಿಗ್ರಿ ತಣಿಯುವಾಗ ಸುಮಾರು 4,180 ಜೂಲ್ ಶಾಖ ಕೊಡುತ್ತದೆ. ಒಂದು ಲೀಟರ್ ಗಾಳಿ ಕೊಡುವುದು ಸುಮಾರು 1.2 ಜೂಲ್ ಮಾತ್ರ. ಮೂರೂವರೆ ಸಾವಿರ ಪಟ್ಟು ವ್ಯತ್ಯಾಸ. ಕೋರಿನಲ್ಲಿ ಗಾಳಿಯ ಗುಳ್ಳೆ ಸಿಕ್ಕಿಕೊಂಡರೆ ಬಿಸಿ ಬರದಿರುವುದರಲ್ಲಿ ಆಶ್ಚರ್ಯವಿಲ್ಲ. ನಿಂತಿರುವಾಗ ತಣ್ಣಗೆ, ಇಂಜಿನಿನ ವೇಗ ಏರಿಸಿದಾಗ ಮಾತ್ರ ಬೆಚ್ಚಗೆ ಬರುವ ಗಾಳಿ, ಡ್ಯಾಶ್‌ಬೋರ್ಡಿನ ಹಿಂದೆ ತೋಡಿನ ನೀರಿನಂಥ ಜುಳುಜುಳು ಸದ್ದು, ಇವೆರಡು ಅದರ ಗುರುತು. ಗಾಳಿ ತೆಗೆಯಬೇಕಾದರೆ ತಣ್ಣಗಿನ ಕಾರನ್ನು ಮೂತಿ ಮೇಲಾಗುವಂತೆ ಏರಿನಲ್ಲಿ ನಿಲ್ಲಿಸಿ, ಹ್ಯಾಂಡ್‌ಬ್ರೇಕ್ ಎಳೆದು, ಚಕ್ರಕ್ಕೆ ಕಲ್ಲು ಕೊಟ್ಟು, ಮುಚ್ಚಳ ತೆಗೆದು, ಹೀಟರನ್ನು ಪೂರ್ತಿ ಕೆಂಪಿನಲ್ಲಿಟ್ಟು ಇಂಜಿನನ್ನು ಸುಮ್ಮನೆ ಓಡಲು ಬಿಡಬೇಕು. ಗುಳ್ಳೆಗಳು ಏಳುತ್ತಿದ್ದಂತೆ ಕೂಲಂಟ್ ಸೇರಿಸುತ್ತ, ರಬ್ಬರ್ ಕೊಳವೆಯನ್ನು ಆಗಾಗ ಹಿಂಡುತ್ತ ಇರಬೇಕು; ಮೇಲಿನ ದಪ್ಪ ಕೊಳವೆ ಬೆಚ್ಚಗಾಗತೊಡಗಿದರೆ ಬಾಗಿಲು ತೆರೆದಿದೆಯೆಂದರ್ಥ, ಗುಳ್ಳೆ ನಿಂತೊಡನೆ ಮುಚ್ಚಳ ಹಾಕಬೇಕು. ಗಾಳಿ ತೆಗೆಯಲೆಂದೇ ಬೇರೆ ತಿರುಪಿರುವ ಕಾರುಗಳಲ್ಲಿ ಕೆಲಸ ಇನ್ನೂ ಸುಲಭ. ಇಷ್ಟೆಲ್ಲ ಮಾಡಿಯೂ ವಾರಕ್ಕೊಮ್ಮೆ ಗಾಳಿ ಸೇರುತ್ತಿದ್ದರೆ ಇಂಜಿನಿನ ತಲೆಗೂ ಒಡಲಿಗೂ ನಡುವೆ ಬಿಗಿಯಾಗಿ ಕೂರುವ ಹೆಡ್ ಗ್ಯಾಸ್ಕೆಟ್ ಎಂಬ ಹಾಳೆ ಹೋಗಿ ಸಿಲಿಂಡರಿನ ಹೊಗೆ ನೀರಿಗೆ ನುಗ್ಗುತ್ತಿರಬಹುದು. ಆಗ ಹೀಟರಿನ ಚಿಂತೆ ಬಿಟ್ಟು ಇಂಜಿನಿನ ಚಿಂತೆ ಮಾಡುವ ಕಾಲ ಬಂದಿದೆ.

ಎಲ್ಲಿ ತಪ್ಪಿದೆಯೆಂದು ಬೇಗ ತಿಳಿಯಲು ಒಳ್ಳೆಯ ಉಪಕರಣ ನಮ್ಮ ಅಂಗೈ. ಇಂಜಿನ್ ಕೋಣೆಯ ಹಿಂಗೋಡೆಯನ್ನು ತೂರಿ ಒಳಹೋಗುವ, ಹೆಬ್ಬೆರಳಿನ ದಪ್ಪದ ಎರಡು ರಬ್ಬರ್ ಕೊಳವೆಗಳಿರುತ್ತವೆ. ಇಪ್ಪತ್ತು ನಿಮಿಷ ಓಡಿಸಿ, ಇಂಜಿನ್ ನಿಲ್ಲಿಸಿ, ಅವನ್ನು ಜಾಗ್ರತೆಯಿಂದ ಮುಟ್ಟಿ ನೋಡಬೇಕು. ಎರಡೂ ತಣ್ಣಗಿದ್ದರೆ ನೀರು ಕಡಿಮೆ, ಅಥವಾ ಏರ್ ಲಾಕ್, ಅಥವಾ ತೆರೆದೇ ಇರುವ ಥರ್ಮೋಸ್ಟಾಟ್, ಅಥವಾ ರೆಕ್ಕೆ ಸವೆದ ವಾಟರ್ ಪಂಪ್. ಒಂದು ಸುಡುತ್ತಿದ್ದು ಇನ್ನೊಂದು ತಣ್ಣಗಿದ್ದರೆ ಕೋರ್ ಕಟ್ಟಿದೆ, ಅಥವಾ ದಾರಿಯ ವಾಲ್ವ್ ಮುಚ್ಚಿದೆ. ಎರಡೂ ಸುಡುತ್ತಿದ್ದರೆ ನೀರಿನ ಕಡೆ ತಪ್ಪಿಲ್ಲ. ಗಾಳಿಯನ್ನು ಬಿಸಿ ಸುರುಳಿಯ ಕಡೆಗೆ ತಿರುಗಿಸುವ ಪ್ಲಾಸ್ಟಿಕ್ ಕದ ಸಿಕ್ಕಿಕೊಂಡಿದೆ. ನಮ್ಮ ಉಪ್ಪುಗಾಳಿಗೆ ಅದನ್ನೆಳೆಯುವ ಕೇಬಲ್ ತುಕ್ಕು ಹಿಡಿಯುತ್ತದೆ, ಹೊಸ ಕಾರುಗಳಲ್ಲಿ ಅದರ ಪುಟ್ಟ ಮೋಟರಿನ ಹಲ್ಲು ಮುರಿದು ಟಿಕ್ ಟಿಕ್ ಎನ್ನುತ್ತದೆ, ಮಳೆಗಾಲದಲ್ಲಿ ಬಾನೆಟ್ಟಿನೊಳಗೆ ಸಂಸಾರ ಹೂಡುವ ಇಲಿಗಳು ವೈರು ಕಡಿಯುತ್ತವೆ. ಕೋರನ್ನೇ ಕೂಡಿಸದೆ, ಬಂದ ಎರಡು ಕೊಳವೆಗಳನ್ನು ಒಂದಕ್ಕೊಂದು ಜೋಡಿಸಿರುವುದೂ ನಮ್ಮ ಕಡೆ ಅಪರೂಪವಲ್ಲ. ಸೋರಿದ ಕೋರನ್ನು ಬದಲಿಸಲು ಡ್ಯಾಶ್‌ಬೋರ್ಡನ್ನೇ ಬಿಚ್ಚಬೇಕಾಗುವುದರಿಂದ, ಹೇಗೂ ಬೇಡದ ಹೀಟರ್ ತಾನೇ ಎಂದು ಮಾಡಿಕೊಂಡ ಏರ್ಪಾಟು ಅದು.

ಕೋರ್ ಕಟ್ಟುವುದರಲ್ಲಿ ನಮ್ಮ ಜಾಣತನದ ಪಾಲು ದೊಡ್ಡದು. ರೇಡಿಯೇಟರ್ ಸೋರಿದರೆ ಅರಸಿನ ಪುಡಿ ಹಾಕುವ ಉಪಾಯವನ್ನು ಲಾರಿ ಚಾಲಕರಿಂದ ಹಿಡಿದು ಪ್ರೊಫೆಸರರ ತನಕ ಎಲ್ಲರೂ ಬಲ್ಲರು. ಪುಡಿ ತೂತಿನಲ್ಲಿ ಸೇರಿಕೊಂಡು ಸೋರಿಕೆ ನಿಲ್ಲುವುದೂ ಉಂಟು. ಆದರೆ ತೂತು ಎಲ್ಲಿ ಮುಗಿದು ಕೊಳವೆ ಎಲ್ಲಿ ಶುರುವಾಗುತ್ತದೆಂದು ಅರಸಿನಕ್ಕೆ ಗೊತ್ತಿಲ್ಲ. ಕೋರಿನ ನಾಳಗಳು ಕಿರಿದು, ಅಲ್ಲಿ ಹರಿವು ನಿಧಾನ. ತೇಲುವ ಕಸವೆಲ್ಲ ನೆರೆ ಇಳಿದ ಮೇಲಿನ ಕೆಸರಿನಂತೆ ಅಲ್ಲಿಯೇ ತಂಗುತ್ತದೆ. ಕೂಲಂಟಿನ ಬದಲಿಗೆ ಬಾವಿನೀರು ಹಾಕುವುದು ಎರಡನೆಯ ಉಪಾಯ. ಕಡಲ ಬದಿಯ ಬಾವಿಗಳಿಗೆ ಏಪ್ರಿಲ್, ಮೇ ತಿಂಗಳಲ್ಲಿ ಉಪ್ಪು ನುಗ್ಗುತ್ತದೆ, ಆ ಉಪ್ಪಿನ ಕ್ಲೋರೈಡ್ ಅಲ್ಯುಮಿನಿಯಮ್ಮಿಗೆ ಸೂಜಿಮೊನೆಯಷ್ಟು ತೂತುಗಳನ್ನು ಕೊರೆಯುತ್ತದೆ. ಕೂಲಂಟ್ ಎಂಬ ಹೆಸರೇ ದಾರಿ ತಪ್ಪಿಸುವಂಥದ್ದು. ನಮ್ಮ ಊರಿನಲ್ಲಿ ನೀರು ಹೆಪ್ಪುಗಟ್ಟುವ ಭಯವಿಲ್ಲ, ತಣಿಸುವುದರಲ್ಲಿ ಬರಿಯ ನೀರು ಗ್ಲೈಕಾಲಿಗಿಂತ ಮೇಲು. ನಮಗೆ ಕೂಲಂಟಿನಿಂದ ಸಿಗುವ ದೊಡ್ಡ ಲಾಭ ಅದರಲ್ಲಿರುವ ತುಕ್ಕುನಿರೋಧಕಗಳು. ಕಟ್ಟಿದ ಕೋರಿನ ಎರಡೂ ಕೊಳವೆಗಳನ್ನು ಬಿಚ್ಚಿ, ನೀರು ಹೊರಬರುವ ಬಾಯಿಯಿಂದ ಒಳಕ್ಕೆ, ಅಂದರೆ ಎದುರುಮುಖವಾಗಿ, ಮೆಲ್ಲಗೆ ನೀರು ಹಾಯಿಸಿದರೆ ಹಲವು ಸಲ ಚಹಾ ಬಣ್ಣದ ಕೆಸರು ಹೊರಬಂದು ದಾರಿ ತೆರೆಯುತ್ತದೆ. ಪಂಪಿನ ಪೂರ್ತಿ ರಭಸ ಬಿಟ್ಟರೆ ಕೋರೇ ಒಡೆಯಬಹುದು.

ಕೋರ್ ಒಡೆದದ್ದು ಮಳೆಗಾಲದಲ್ಲಿ ತಿಳಿಯುವುದು ಕಷ್ಟ. ಮುಂದಿನ ಸೀಟಿನ ಕಾಲಡಿಯ ಕಾರ್ಪೆಟ್ ಒದ್ದೆಯಾದರೆ ಮಳೆನೀರು ನುಗ್ಗಿದೆಯೆಂದೇ ಎಲ್ಲರೂ ಬಗೆಯುತ್ತಾರೆ. ಮಳೆನೀರು ಬೆರಳಿಗೆ ಅಂಟುವುದಿಲ್ಲ. ಅಂಟಿದರೆ, ಕಾರಿನೊಳಗೆ ಸಿಹಿಯಾದ ವಾಸನೆ ಸುಳಿದರೆ, ಗಾಜಿನ ಮೇಲೆ ಒರೆಸಿದಷ್ಟೂ ಹರಡುವ ಜಿಡ್ಡಿನ ಮಸುಕು ಕಂಡರೆ ಅದು ಮೇಘರಾಜನ ಕೆಲಸವಲ್ಲ.

ನನ್ನ ಕಾರಿಗೆ ಹೊಸ ಥರ್ಮೋಸ್ಟಾಟ್, ಅದರ ರಬ್ಬರ್ ಬಳೆ ಮತ್ತು ಹೊಸ ಕೂಲಂಟ್ ಹಾಕಿಸಿದೆ; ಥರ್ಮೋಸ್ಟಾಟಿಗೆ ತಗಲಿದ್ದು ನಾಲ್ವರು ಹೋಟೆಲಿನಲ್ಲಿ ಮೀನೂಟ ಮಾಡಿದಷ್ಟು ಹಣ. ಏ.ಸಿ. ಹಾಕಿ ಘಾಟಿ ಹತ್ತುವಾಗ ಮುಳ್ಳು ಮೇಲೇರತೊಡಗಿದರೆ ಏನು ಮಾಡುವುದೆಂದು ಮೆಕ್ಯಾನಿಕ್ ಕೇಳಿದರು. ಏ.ಸಿ. ನಿಲ್ಲಿಸಿ, ಕಿಟಕಿ ಇಳಿಸಿ, ಹೀಟರನ್ನು ಪೂರ್ತಿ ಹಾಕುವುದು ಎಂದೆ. ಹೀಟರ್ ಎಂದರೆ ಇಂಜಿನಿಗೆ ಎರಡನೆಯ ರೇಡಿಯೇಟರ್, ಅದು ನಮ್ಮನ್ನು ಬೆವರಿಸಿದಷ್ಟೂ ಇಂಜಿನಿನ ಜ್ವರ ಇಳಿಯುತ್ತದೆ. ಅವರು ನಂಬಿದಂತೆ ಕಾಣಲಿಲ್ಲ, ಆದರೂ ಬೆಲ್ಟನ್ನೂ ಫ್ಯಾನನ್ನೂ ಇನ್ನೊಮ್ಮೆ ನೋಡಿಕೊಟ್ಟರು.

ಎರಡು ವಾರದ ಬಳಿಕ ಅದೇ ನಾಲ್ವರು ಅದೇ ಘಾಟಿ ಇಳಿದೆವು. ಮಳೆ ಹಿಂದಿನ ಸಲಕ್ಕಿಂತ ಜೋರಾಗಿತ್ತು, ಮುಳ್ಳು ಮಾತ್ರ ನಡುವಿನ ಗೆರೆಯಿಂದ ಅಲುಗಲಿಲ್ಲ. ಗಾಜು ಮಸುಕಾಗತೊಡಗಿದಾಗ ಗುಂಡಿಯನ್ನು ಕೆಂಪಿಗೆ ತಿರುಗಿಸಿದೆ. ಕೆಳಗಿನ ಎರಡು ಮೂಲೆಗಳಿಂದ ಎರಡು ಬೀಸಣಿಗೆಗಳು ಬಿಚ್ಚಿದ ಹಾಗೆ ಗಾಜು ತಿಳಿಯಾಗುತ್ತ ಮೇಲೇರಿತು. ಹೆಬ್ರಿ ಮುಟ್ಟುವಷ್ಟರಲ್ಲಿ ಹಿಂದಿನ ಸೀಟಿನಿಂದ ಸೆಕೆಯ ದೂರು ಬಂದು, ಗುಂಡಿಯನ್ನು ನೀಲಿಗೆ ತಿರುಗಿಸಬೇಕಾಯಿತು.